ಮೊಳಗುವ ಮೂಳೆ

ನಮ್ಮೂರಲ್ಲಿ ಹೆಣ್ಣು ಬಸುರಾದರೆ ಅವಳ ಮೂಳೆಗೆ ದನಿ ಬರುತ್ತದೆ. ಐದನೇ ತಿಂಗಳ ಹೊತ್ತಿಗೆ ಎದೆಯ ನಡುಮೂಳೆಯಲ್ಲೂ ಸೊಂಟದ ಮೂಳೆಯಲ್ಲೂ ರಕ್ತ ಮಾಡುವ ಸದ್ದು ಶುರುವಾಗುತ್ತದೆ. ಕೆಲವರದು ಮಗ್ಗುಲಲ್ಲಿ ಮಲಗಿದ ಗಂಡನಿಗೆ ಮಾತ್ರ ಕೇಳುವಷ್ಟು, ಕೆಲವರದು ಪಕ್ಕದ ಮನೆಯವರು ಗೋಡೆ ಬಡಿಯುವಷ್ಟು. ನನ್ನದು ಯಾರಿಗೂ ಕೇಳಲಿಲ್ಲ. ಅದರಿಂದ ನನಗಾದ ಅವಮಾನ ಅಷ್ಟಿಷ್ಟಲ್ಲ. ಅವಮಾನದ ಜೊತೆಗೆ ಹೊಟ್ಟೆ ತುಂಬ ಊಟವೂ ಸಿಕ್ಕಿತು, ಅದನ್ನೂ ಹೇಳಬೇಕು.

ನಮ್ಮದು ಹೆಂಚು ಮಾಡುವ ಮನೆ. ಮನೆಯ ಹಿಂದೆ ಹೆಂಚು ಸುಡುವ ಗೂಡು, ಮುಂದೆ ಅಗಲವಾದ ಜಗಲಿ, ನಡುವೆ ನಾವು. ಅತ್ತೆ ಕೆಂಪಾಜಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನ ಹೆಂಡತಿ ನಾನು, ಸಾವಂತ್ರಿ. ಚಿಕ್ಕವನ ಹೆಂಡತಿ ದೇವೀರಿ. ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಇಬ್ಬರೂ ಬಸುರಾದೆವು. ಬೀದಿಯವರು ಅದನ್ನೇ ಹಿಡಿದು ಅಣ್ಣತಮ್ಮಂದಿರನ್ನು ಗೋಳುಹೊಯ್ದುಕೊಂಡರು. ಅವರಿಬ್ಬರೂ ನಾಚಿಕೊಂಡು ಗೂಡಿನ ಹತ್ತಿರವೇ ಊಟ ಮಾಡತೊಡಗಿದರು.

ಐದನೇ ತಿಂಗಳಲ್ಲಿ ಕಿವಿ ಕೊಡುವ ಶಾಸ್ತ್ರ. ಬಸುರಿಗೆ ಎಣ್ಣೆ ನೀರು ಹಾಕಿ, ಹೊಸ ಸೀರೆ ಉಡಿಸಿ, ಮಣೆ ಮೇಲೆ ಕೂರಿಸುತ್ತಾರೆ. ಮನೆಯ ಹಿರಿಯಳು ಬಗ್ಗಿ ಅವಳ ಎದೆಮೂಳೆಗೆ ಕಿವಿ ಇಡುತ್ತಾಳೆ. ದೇವೀರಿಯ ಸರದಿಯಲ್ಲಿ ಅತ್ತೆ ಬಗ್ಗುವ ಅಗತ್ಯವೇ ಬೀಳಲಿಲ್ಲ. ಮಣೆ ಮೇಲೆ ಕೂತವಳ ಮೈಯೊಳಗಿಂದ, ದೊಡ್ಡ ಹಂಡೆಯಲ್ಲಿ ನೀರು ಮರಳಿದ ಹಾಗೆ, ಗುಡುಗುಡು ಸದ್ದು ಹೊರಟು ಹಿತ್ತಲಿಗೆಲ್ಲ ಕೇಳಿತು. ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ನನ್ನ ಸರದಿ. ಅತ್ತೆ ಬಲಗಿವಿ ಇಟ್ಟರು, ಎಡಗಿವಿ ಇಟ್ಟರು, ಸೊಂಟಕ್ಕೂ ಇಟ್ಟು ನೋಡಿದರು. ಕೊನೆಗೆ ಎದ್ದು ಸೆರಗು ಕೊಡವಿಕೊಂಡು, "ಮೂಕಮೂಳೆ ಕಣವ್ವ ನಮ್ಮ ದೊಡ್ಡೋಳ್ದು. ಏನ್ಮಾಡಾಕಾಯ್ತದೆ, ತಿನ್ಸಾನ" ಅಂದರು.

ಮೂಕಮೂಳೆಯವಳಲ್ಲಿ ರಕ್ತ ಹುಟ್ಟುತ್ತಿಲ್ಲ ಎಂಬುದು ನಮ್ಮೂರಿನವರ ಲೆಕ್ಕ. ಅದಕ್ಕೇ ಅವಳಿಗೆ ಕುರಿಯ ಈಲಿ, ಅಂದರೆ ಲಿವರು, ನುಗ್ಗೆಸೊಪ್ಪು, ಹುರುಳಿಕಟ್ಟಿನ ಸಾರು, ರಾಗಿಮುದ್ದೆ, ಮೇಲೊಂದು ಎಳ್ಳುಂಡೆ. ಮೊಳಗುವ ಮೂಳೆಯವಳಿಗೆ ಅದೇನೂ ಬೇಡ. ಅವಳ ಮೈಯಲ್ಲಿ ರಕ್ತ ತಾನಾಗಿ ಉಕ್ಕುತ್ತಿರುವಾಗ ಯಾರು ತಾನೆ ಖರ್ಚು ಮಾಡುತ್ತಾರೆ? ಅಷ್ಟೇ ಅಲ್ಲ, ಅವಳು ಚೆನ್ನಾಗಿ ತಿಂದರೆ ಸದ್ದು ಕಟ್ಟಿಹೋಗುತ್ತದೆ ಅನ್ನುತ್ತಾರೆ. ಹಾಗೆ ಕಟ್ಟಿಹೋದದ್ದನ್ನು ಕಣ್ಣಾರೆ ಕಂಡವರಿದ್ದರು, ಕಿವಿಯಾರೆ ಕೇಳಿದವರೂ ಇದ್ದರು. ಹಾಗಾಗಿ ದೇವೀರಿಗೆ ತಿಳಿಮಜ್ಜಿಗೆ ಅನ್ನ, ತಲೆ ತುಂಬ ಹೂವು, ಜಗಲಿಯ ಮೇಲೆ ಒರಗುದಿಂಬು. ಸಂಜೆಯಾದರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಅವಳ ಸುತ್ತ ಕೂತು ಸದ್ದು ಕೇಳಿ ಹೋಗುತ್ತಿದ್ದರು. ಮದುವೆಯಾಗಬೇಕಾದ ಹೆಣ್ಣುಗಳನ್ನಂತೂ ಅವಳ ಮೈಗೆ ಒರಗಿಸಿ ಕೂರಿಸುತ್ತಿದ್ದರು.

ನಾನು ಅಡುಗೆಮನೆಯಲ್ಲಿ ಕೂತು ಈಲಿ ತಿನ್ನುತ್ತಿದ್ದೆ. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಗಂಡ ಕೂಡ ಮಲಗುವಾಗ ಒಮ್ಮೆ ನನ್ನ ಸೊಂಟಕ್ಕೆ ಕಿವಿ ಇಟ್ಟು, ನಿಟ್ಟುಸಿರು ಬಿಟ್ಟು, ಆ ಕಡೆ ತಿರುಗುತ್ತಿದ್ದ. ಒದೆಯಬೇಕು ಅನಿಸುತ್ತಿತ್ತು.

ದೇವೀರಿ ದಿನದಿಂದ ದಿನಕ್ಕೆ ಬಿಳುಪಾದಳು. ತುಟಿ, ಉಗುರು, ಕಿವಿಯ ಹಾಲೆ, ಎಲ್ಲ ತೊಳೆದಿಟ್ಟ ಹಾಗೆ. "ನೋಡಿ ಕಳೆ ಬಂದಿರೋದ" ಅಂತ ಹೆಂಗಸರು ಲಟಿಕೆ ಮುರಿಯುತ್ತಿದ್ದರು. "ಚೆನ್ನಾಜಿಗೂ ಹಿಂಗೇ ಬಣ್ಣ ಬಂದಿತ್ತು ಕಣವ್ವ" ಅಂತ ಯಾರಾದರೂ ಅಂದೇ ಅನ್ನುತ್ತಿದ್ದರು. ಚೆನ್ನಾಜಿ ನಮ್ಮ ಅತ್ತೆಯ ಒಬ್ಬಳೇ ಮಗಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳ ಮೂಳೆಯ ಸದ್ದು ಕೆರೆ ಏರಿಯವರೆಗೂ ಕೇಳುತ್ತಿತ್ತಂತೆ. ಗಾಡಿ ಕಟ್ಟಿಕೊಂಡು ಬಂದು ಕೇಳಿದವರಿದ್ದಾರೆ. ಹೆರಿಗೆಯ ದಿನವೇ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಅಷ್ಟು ಜನ ಕಿವಿ ಕೊಟ್ಟರೆ ದೃಷ್ಟಿ ತಾಗದೆ ಇರುತ್ತದಾ, ಅಂದರು ಊರಿನವರು. ಅವಳ ಮಾತು ಬಂದಾಗಲೆಲ್ಲ ಅತ್ತೆ ಕಣ್ಣೊರೆಸಿಕೊಂಡರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಮಗಳು ಹೋದರೂ ಮಗಳ ಸದ್ದಿನ ಹೆಸರು ಉಳಿದಿತ್ತು. ಅದೊಂದೇ ಅವರ ಪಾಲಿಗೆ ಉಳಿದದ್ದು.

ಏಳನೇ ತಿಂಗಳು ಹಿಡಿದಾಗ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಹೊರಗಿನವರು, ಬಂದು ಇನ್ನೂ ವರ್ಷವಾಗಿರಲಿಲ್ಲ. ದೇವೀರಿಯ ಎದೆಗೆ ಸ್ಟೆತಾಸ್ಕೋಪು ಇಟ್ಟವರೇ ಬೆಚ್ಚಿ ಕಿವಿಯಿಂದ ಕಿತ್ತುಕೊಂಡರು. ಆಮೇಲೆ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ತೆಗೆದರು. "ಇವರಿಗೆ ರಕ್ತ ತುಂಬ ಕಡಿಮೆ ಇದೆ. ಹೀಗೇ ಬಿಟ್ಟರೆ ಹೆರಿಗೆ ತಡಕೊಳ್ಳಲ್ಲ" ಅಂದರು. ಅತ್ತೆ ಮೆಲ್ಲಗೆ ನಕ್ಕು, "ಅವ್ವಾ, ನಿಮ್ಗೆ ಕಿವಿ ಸರಿಯಾಗ್ ಕೇಳ್ತದಾ?" ಅಂದರು. ಡಾಕ್ಟರಮ್ಮ ದೇವೀರಿಯ ಕೈಗೆ ಕಬ್ಬಿಣದ ಮಾತ್ರೆಯ ಪೊಟ್ಟಣ ಕೊಟ್ಟರು. ದಾರಿಯಲ್ಲಿ ಅತ್ತೆ ಅದನ್ನು ಅವಳ ಕೈಯಿಂದ ತೆಗೆದು ನನ್ನ ಮಡಿಲಿಗೆ ಹಾಕಿದರು. "ಡಾಕ್ಟ್ರಮ್ಮಂಗೆ ಹೆಸ್ರು ಅದಲುಬದಲಾಗೈತೆ. ನೀನ್ ನುಂಗು" ಅಂದರು. ನಾನು ನುಂಗಿದೆ. ಅವು ಹೊಟ್ಟೆಯನ್ನು ಕಲ್ಲು ಮಾಡಿದ ಪರಿ ಹೇಳಿ ಪ್ರಯೋಜನವಿಲ್ಲ.

ಅದಾದ ಮೇಲೆ ಒಂದು ಮಧ್ಯಾಹ್ನ ಗೂಡಿನ ಹಿಂದೆ ಹೋದವಳಿಗೆ ಕಟಕಟ ಸದ್ದು ಕೇಳಿತು. ಇಲಿಯೇನೋ ಅಂದುಕೊಂಡೆ. ನೋಡಿದರೆ ಒಡೆದ ಹೆಂಚಿನ ರಾಶಿಯ ಮಗ್ಗುಲಲ್ಲಿ ದೇವೀರಿ ಕೂತಿದ್ದಾಳೆ. ಕೆನ್ನೆ ಉಬ್ಬಿದೆ, ತುಟಿಯ ಮೇಲೆ ಕೆಂಪು ಪುಡಿ. ಪಕ್ಕದಲ್ಲಿ ಒಂದು ಚೊಂಬು ನೀರು, ಅದರಲ್ಲಿ ನೆನೆಹಾಕಿದ ಹೆಂಚಿನ ಚೂರುಗಳು.

"ಅಕ್ಕ, ಅತ್ತೆಗೆ ಹೇಳ್ಬ್ಯಾಡಿ" ಅಂದಳು.

"ಹಸಿವಾದ್ರೆ ಅನ್ನ ತಿನ್ಬೇಕಲ್ವೇನೆ."

"ಹಸಿವಲ್ಲ ಕಣಕ್ಕ. ಮಣ್ಣೇ ಬೇಕು ಅನ್ನುಸ್ತದೆ. ನೀರ್ ಬಿದ್ದ ಹೆಂಚಿನ ವಾಸನೆ ಮೂಗಿಗೆ ಬಡುದ್ರೆ ತಡಿಯಾಕಾಗಲ್ಲ." ಹೇಳುವಷ್ಟರಲ್ಲಿ ಏದುಸಿರು ಬಂತು. "ಜಗಲಿ ಮೆಟ್ಲು ಹತ್ತುದ್ರೆ ಕಣ್ಣು ಕತ್ಲೆ ಬರ್ತದೆ. ಮೂಳೆ ಒಂದೇ ಸಮ ಕೂಗ್ತದೆ, ನಿದ್ದೆ ಬರಲ್ಲ. ಎಲ್ರೂ ಸಂತೋಸವಾಗವ್ರೆ, ಯಾರಿಗೇಳ್ಲಿ?"

ಅವಳ ಕೈ ಹಿಡಿದು ಎಬ್ಬಿಸಿದೆ. ಅಂಗೈ ತಣ್ಣಗಿತ್ತು, ಗೆರೆಗಳೂ ಬಿಳಿ. ಅಲ್ಲಿಯವರೆಗೆ ಇದ್ದ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ. ಇಪ್ಪತ್ತು ತುಂಬದ ಹುಡುಗಿ, ಹೂವು ಮುಡಿದುಕೊಂಡು ಕೂತು ಒಳಗೊಳಗೇ ಮುಗಿದುಹೋಗುತ್ತಿದ್ದಾಳೆ ಅನಿಸಿ ನನಗೆ ಅಳು ಬಂತು. ಅತ್ತೆಗೆ ಹೇಳಿದರೆ ಹೆಂಚಿನ ರಾಶಿ ಅಲ್ಲಿಂದ ಎತ್ತಿಸುತ್ತಾರೆ, ಅಷ್ಟೆ. ಅದಕ್ಕೇ ಆ ದಿನದಿಂದ ನನ್ನ ತಟ್ಟೆಯ ಈಲಿಯನ್ನು ಎಲೆಯಲ್ಲಿ ಸುತ್ತಿ, ಮಾತ್ರೆಯ ಪೊಟ್ಟಣದ ಸಮೇತ, ಗೂಡಿನ ಹಿಂದೆ ಅವಳಿಗೆ ಕೊಡತೊಡಗಿದೆ. ಅವಳ ತಿಳಿಮಜ್ಜಿಗೆ ಅನ್ನ ನಾನು ತಿಂದೆ. ಸದ್ದು ಗಿದ್ದು ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಅವಳು ಮಣ್ಣು ತಿನ್ನುವುದು ನಿಂತರೆ ಸಾಕಾಗಿತ್ತು.

ಮಣ್ಣು ನಿಂತಿತು. ಸ್ವಲ್ಪ ದಿನಕ್ಕೆ ಸದ್ದೂ ಇಳಿಯಿತು. ಮೊದಲು ಕೆರೆ ಕಡೆಯವರು ಬರುವುದು ಬಿಟ್ಟರು, ಆಮೇಲೆ ಬೀದಿಯವರೂ ಜಗಲಿಗೆ ಬಂದು, ಕುತ್ತಿಗೆ ಚಾಚಿ ಕೇಳಿ, ಮುಖ ಮುಖ ನೋಡಿಕೊಂಡು ಹೋಗತೊಡಗಿದರು. ಅತ್ತೆ ಹೌಹಾರಿದರು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಹೊಸಿಲಿಗೆ ನಿಂಬೆಹಣ್ಣು ಕಟ್ಟಿದರು. ಒಂದು ಬೆಳಿಗ್ಗೆ ದೇವೀರಿಯ ಎದೆಗೆ ಕಿವಿ ಒತ್ತಿ ಹಿಡಿದು ಎಷ್ಟೋ ಹೊತ್ತು ಹಾಗೇ ಇದ್ದರು. "ಇವ್ಳ್ದೂ ಮೂಕವಾಯ್ತು" ಅಂದು ಕೂತುಬಿಟ್ಟರು. ಕೂತಲ್ಲಿಂದಲೇ, "ಇನ್ನೇನು, ಇವ್ಳಿಗೂ ಈಲಿ ಹಾಕ್ಬೇಕು" ಅಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗು ತಡೆಯಲು ನಾನು ನೀರಿನ ನೆಪ ಮಾಡಿ ಹಿತ್ತಲಿಗೆ ಓಡಿದೆ.

ನಗು ಬಹಳ ದಿನ ಉಳಿಯಲಿಲ್ಲ. ನನ್ನ ಮೂಳೆ ದನಿ ತೆಗೆಯಿತು. ಮೊದಲು ಕೇಳಿದ್ದು ಗಂಡ. "ಶುರುವಾಯ್ತು ಕಣೇ" ಅಂತ ಕುಣಿದಾಡಿಬಿಟ್ಟ. ವಾರ ಕಳೆಯುವುದರೊಳಗೆ ಒರಗುದಿಂಬು ನನಗೆ ಬಂತು, ಹೂವು ನನಗೆ ಬಂತು, ನನ್ನ ಪಾಲಿನ ಸೊಪ್ಪುಸಾರು ದೇವೀರಿಯ ತಟ್ಟೆಗೆ ಹೋಯಿತು. ಅತ್ತೆ ನನ್ನ ಗಲ್ಲ ಹಿಡಿದು ಮಾತಾಡಿಸಿದ್ದು ಅದೇ ಮೊದಲು. ಸುಳ್ಳು ಯಾಕೆ, ಸುಖವಾಗಿತ್ತು. ಆದರೆ ಮೆಟ್ಟಿಲು ಹತ್ತಿದರೆ ಎದೆ ಹಾರುತ್ತಿತ್ತು, ಕೂತಲ್ಲಿಂದ ಎದ್ದರೆ ಗೋಡೆ ತಿರುಗುತ್ತಿತ್ತು. ಒಂದು ದಿನ ಗೂಡಿನ ಕಡೆಯಿಂದ, ನೀರು ಚಿಮುಕಿಸಿದ ಬಿಸಿಹೆಂಚಿನ ವಾಸನೆ ಬಂತು. ಬಾಯಲ್ಲಿ ನೀರೂರಿತು. ಎದ್ದು ಹೋಗಿ, ಯಾರೂ ಇಲ್ಲದ್ದು ನೋಡಿ, ಒಂದು ಚೂರು ಕಚ್ಚಿದೆ. ಎಳ್ಳುಂಡೆಗಿಂತ ರುಚಿಯಾಗಿತ್ತು. ಆಗ ನನಗೆ ಭಯವಾಯಿತು.

ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ನನ್ನ ಬೆರಳು ಚುಚ್ಚಿದರು, ಹಿಂದಿನ ಸಲ ನೋಡಿದ ಮೂಕಮೂಳೆಯವಳು ನಾನೇನಾ ಅಂತ ಎರಡೆರಡು ಸಲ ಕೇಳಿದರು. ನಡೆದದ್ದೆಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಬಸುರಾದಾಗ ಮೈಯಲ್ಲಿ ರಕ್ತ ಹೆಚ್ಚಬೇಕು. ಮೊದಲು ರಕ್ತದ ನೀರು ಹೆಚ್ಚುತ್ತೆ. ನೆಂಟರು ಬಂದಾಗ ಸಾರಿಗೆ ನೀರು ಬೆರೆಸ್ತೀವಲ್ಲ, ಹಾಗೆ ತೆಳ್ಳಗಾಗುತ್ತೆ. ಅದರ ಹಿಂದೆಯೇ ಕೆಂಪು ಕಣಗಳೂ ಹೆಚ್ಚಬೇಕು. ಅವನ್ನ ಮಾಡೋದು ಮೂಳೆ ಒಳಗಿನ ಮಜ್ಜೆ. 'ಇನ್ನೂ ಮಾಡು' ಅಂತ ಅದಕ್ಕೆ ಹೇಳಿ ಕಳಿಸೋದು ಮೂತ್ರಪಿಂಡ. ಮಾಡೋಕೆ ಕಬ್ಬಿಣ ಬೇಕು, ಸೊಪ್ಪಿನ ಸತ್ವ ಬೇಕು. ಇದ್ದರೆ ಮಜ್ಜೆ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುತ್ತೆ. ಇಲ್ಲದಿದ್ದರೆ ಕಣ ತಯಾರಾಗಲ್ಲ. ಆಗ ಮೂತ್ರಪಿಂಡ ಇನ್ನೂ ಜೋರು ಮಾಡುತ್ತೆ, ಮಜ್ಜೆ ಇನ್ನೂ ಒದ್ದಾಡುತ್ತೆ. ಮಗು ಅದನ್ನೆಲ್ಲ ನೋಡಲ್ಲ. ತನ್ನ ರಕ್ತ ತಾನೇ ಮಾಡಿಕೊಳ್ಳುತ್ತೆ, ಆದರೆ ಅದಕ್ಕೆ ಬೇಕಾದ ಕಬ್ಬಿಣ ನಿಮ್ಮಿಂದಲೇ ಎಳಕೊಳ್ಳುತ್ತೆ."

"ಅಂದ್ರೆ ಆ ಸದ್ದು?"

"ನಿಮ್ಮೂರಿನ ಸದ್ದಿನ ವಿಷಯ ನಾನು ಓದಿದ ಪುಸ್ತಕದಲ್ಲಿಲ್ಲ. ಆದರೆ ನೀವು ಹೇಳಿದ್ದು ಕೇಳಿದರೆ, ಮೂಕ ಅಂತೀರಲ್ಲ, ಆ ಮೂಳೆ ನೆಟ್ಟಗೆ ಕೆಲಸ ಮಾಡ್ತಿದೆ. ಕೂಗೋದು ಉಪವಾಸ ಇರೋ ಮೂಳೆ."

ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ದೇವೀರಿಗೆ ಈಲಿ ಹುರಿಯುತ್ತಿದ್ದರು. ನನಗೆ ಸುತ್ತಿ ಬಳಸಿ ಹೇಳುವುದು ಬರುವುದಿಲ್ಲ. ಹೆಂಚು ತಿಂದದ್ದು, ತಟ್ಟೆ ಬದಲಾಯಿಸಿದ್ದು, ಡಾಕ್ಟರಮ್ಮ ಅಂದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಅದು ರಕ್ತ ಉಕ್ಕೋ ಸದ್ದಲ್ಲ ಅತ್ತೆ. ಹಸಿವಿನ ಸದ್ದು" ಅಂದೆ. ಅವರ ಕೈಯ ಸೌಟು ನಿಂತಿತು. ಬಾಣಲೆಯಲ್ಲಿ ಈಲಿ ಸೀದುಹೋಯಿತು.

"ನನ್ ಮಗಳ ಸುದ್ದಿಗೆ ಬರ್ಬ್ಯಾಡ" ಅಂದರು.

ನಾನು ಚೆನ್ನಾಜಿಯ ಹೆಸರೇ ಎತ್ತಿರಲಿಲ್ಲ.

ಅಂದಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಡಾಕ್ಟರಮ್ಮನಿಗೆ ತಲೆ ಕೆಟ್ಟಿದೆ ಅಂತ ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದರು. ಸದ್ದು ಇದ್ದದ್ದು ನನ್ನ ಮೂಳೆಯಲ್ಲಿ, ಆದ್ದರಿಂದ ನನಗೆ ಮಜ್ಜಿಗೆ ಅನ್ನವೇ. ಆದರೆ ದೇವೀರಿ ಈಗ ಚುರುಕಾಗಿದ್ದಳು. ತನ್ನ ತಟ್ಟೆಯ ಅರ್ಧವನ್ನು ಸೆರಗಿನಡಿ ಮುಚ್ಚಿಕೊಂಡು ಬಂದು, "ತಿನ್ನಕ್ಕ, ನಾನ್ ಕಾವಲಿರ್ತೀನಿ" ಅನ್ನುತ್ತಿದ್ದಳು. ಮಾತ್ರೆಯನ್ನು ಡಾಕ್ಟರಮ್ಮ ಇಬ್ಬರಿಗೂ ಆಗುವಷ್ಟು ಕೊಟ್ಟಿದ್ದರು. ದಿನ ತುಂಬುವ ಹೊತ್ತಿಗೆ ನಮ್ಮಿಬ್ಬರ ಮೂಳೆಯೂ ಅತ್ತ ಮೂಕವೂ ಅಲ್ಲ, ಇತ್ತ ಮೊಳಗುವುದೂ ಅಲ್ಲ ಅನ್ನುವಂತಾಯಿತು. ಜಗಲಿಗೆ ಯಾರೂ ಬರಲಿಲ್ಲ. ಸಂಜೆ ಹೊತ್ತು ಅತ್ತೆ ಒಬ್ಬರೇ ಅಲ್ಲಿ ಕೂತಿರುತ್ತಿದ್ದರು. ನೋಡಿದರೆ ಪಾಪ ಅನಿಸುತ್ತಿತ್ತು. ನಾನು ಹೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲ ಅಂತ ನನಗೆ ಒಮ್ಮೆಯೂ ಅನಿಸಲಿಲ್ಲ. ಅರ್ಥವಾದದ್ದನ್ನು ಹೊತ್ತುಕೊಳ್ಳಲು ಅವರಿಂದ ಆಗುತ್ತಿರಲಿಲ್ಲ.

ನನಗಿಂತ ಮೊದಲು ದೇವೀರಿಗೆ ನೋವು ಬಂತು. ಮನೆಯಲ್ಲೇ ಆಗಲಿ ಅಂದರು ಅತ್ತೆ. ಮೈದುನ ಮೊದಲ ಬಾರಿಗೆ ತಾಯಿಯ ಮಾತು ಮೀರಿ, ಹೆಂಚು ಸಾಗಿಸುವ ಗಾಡಿಯಲ್ಲಿ ಹುಲ್ಲು ಹಾಸಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಹೊಟ್ಟೆ ಹೊತ್ತುಕೊಂಡೇ ಹೋದೆ. ಅತ್ತೆಯೂ ಬಂದರು. ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಅದರ ಬೆನ್ನಿಗೇ ಒಳಗೆ ಗಡಿಬಿಡಿ ಶುರುವಾಯಿತು. ಆಯಾ ಒಂದರ ಮೇಲೊಂದು ಬಟ್ಟೆ ತಂದು ಹಾಕಿದಳು. ಅಷ್ಟು ಕೆಂಪು. ಅತ್ತೆ ಆ ಬಟ್ಟೆಗಳನ್ನೇ ನೋಡುತ್ತ ಗೋಡೆ ಹಿಡಿದು ನಿಂತಿದ್ದರು. ಹಿಂದೆಯೂ ಒಮ್ಮೆ ಹೀಗೆ ನಿಂತವರು ಅವರು.

ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು ಬೆಂಚಿನ ಮೇಲೆ ಕೂತರು. "ನಿಂತಿತು. ಜೀವಕ್ಕೆ ಭಯ ಇಲ್ಲ" ಅಂದರು. "ಮೊದಲ ಸಲ ಬಂದಾಗ ಇದ್ದ ರಕ್ತದಲ್ಲಿ ಇಷ್ಟು ಹೋಗಿದ್ದರೆ ನನ್ನ ಕೈಲಿ ಏನೂ ಆಗ್ತಿರಲಿಲ್ಲ. ನಡುವೆ ಮಾಡಿಕೊಂಡಿದ್ದು ಉಳಿಸಿತು."

ಅತ್ತೆ ಅವರ ಹತ್ತಿರ ಹೋದರು. ದನಿ ಸಣ್ಣಗಿತ್ತು. "ಅವ್ವಾ, ತಿಂದುಂಡು ಇದ್ದಿದ್ರೆ, ಯಾರಾದ್ರೂ ಸರಿ, ಉಳ್ಕೋತಾರಾ?"

ಡಾಕ್ಟರಮ್ಮನಿಗೆ ಚೆನ್ನಾಜಿಯ ವಿಷಯ ಗೊತ್ತಿರಲಿಲ್ಲ. ದಣಿದ ಮುಖದಲ್ಲೇ ನಕ್ಕು, "ಬಹಳ ಜನ ಉಳ್ಕೋತಾರೆ ಅಮ್ಮ" ಅಂದರು.

ಅತ್ತೆ ತಲೆಯಾಡಿಸಿದರು. ಮನೆಗೆ ಬಂದವರು ನೇರ ಅಡುಗೆಮನೆಗೆ ಹೋದರು. ನುಗ್ಗೆಸೊಪ್ಪು ಮುಂದೆ ಹಾಕಿಕೊಂಡು ಬಿಡಿಸತೊಡಗಿದರು. ನಾನೂ ಹೋಗಿ ಕೂತು ಬಿಡಿಸಿದೆ. ಬೇಡ ಅನ್ನಲಿಲ್ಲ. ಸಾರಾದ ಮೇಲೆ ಮೊದಲ ತಟ್ಟೆಯನ್ನು ನನ್ನ ಮುಂದೆ ಇಟ್ಟು, "ಉಣ್ಣು. ನಿನ್ನದಿನ್ನೂ ಬಾಕಿ ಐತೆ" ಅಂದರು. ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನು ತಟ್ಟೆ ಬಳಿದು ಉಂಡೆ.

ದೇವೀರಿ ಮಗುವಿನ ಜೊತೆ ಮನೆಗೆ ಬಂದ ಮೇಲೆ ಅವಳ ಮೂಳೆ ಮತ್ತೆ ದನಿ ತೆಗೆಯಿತು. ಹೋದ ರಕ್ತವನ್ನು ತುಂಬಿಕೊಳ್ಳಬೇಕಲ್ಲ. ಇಂಥ ಸದ್ದು ಬಾಣಂತಿಯಲ್ಲಿ ಯಾರೂ ಕೇಳಿರಲಿಲ್ಲ. ತೊಟ್ಟಿಲ ಪಕ್ಕದ ಗೋಡೆ ಅದುರುತ್ತಿತ್ತು, ಮಗು ಅದಕ್ಕೇ ಒಗ್ಗಿಕೊಂಡು ನಿದ್ದೆ ಮಾಡುತ್ತಿತ್ತು. ಬೆಳಕು ಹರಿಯುವುದರೊಳಗೆ ಸುದ್ದಿ ಕೆರೆಯವರೆಗೂ ಹೋಯಿತು. ಹೆಂಗಸರು ತಲೆ ಬಾಚಿಕೊಂಡು, ಮಕ್ಕಳನ್ನು ಎತ್ತಿಕೊಂಡು, ಹೂವಿನ ತಟ್ಟೆ ಹಿಡಿದು ನಮ್ಮಂಗಳದಲ್ಲಿ ತುಂಬಿದರು. ಎದುರುಮನೆಯ ಬೋರಮ್ಮ ಎಲ್ಲರಿಗಿಂತ ಮುಂದಿದ್ದಳು.

"ನಿಮ್ಮನೆ ದೆಸೆ ತಿರುಗ್ತು ಕನ ಕೆಂಪಾಜಕ್ಕ" ಅಂದಳು. "ಒಸಿ ಒಳಗೆ ಬುಡಿ, ಕಿವಿ ಕೊಟ್ಟೋಗ್ತೀವಿ."

ಅತ್ತೆ ಹೊಸಿಲ ಮೇಲೆ ನಿಂತಿದ್ದರು. ಎರಡು ಕೈಯನ್ನೂ ಬಾಗಿಲ ಚೌಕಟ್ಟಿಗೆ ಆನಿಸಿಕೊಂಡಿದ್ದರು, ದಾರಿ ಬಿಡಲಿಲ್ಲ.

"ಕಿವಿ ಕೊಡೋಕೆ ಏನೈತೆ ಅದ್ರಲ್ಲಿ" ಅಂದರು. "ಹಸ್ದೋಳು ಕೂಗ್ತಾವ್ಳೆ. ಹೂವ ವಾಪಸ್ ತಕೊಂಡೋಗಿ. ನಿಮ್ಮನೇಲಿ ಸೊಪ್ಪಿದ್ರೆ ಸೊಪ್ಪು ತನ್ನಿ, ಈಲಿ ಇದ್ರೆ ಈಲಿ ತನ್ನಿ."

ಬೋರಮ್ಮನಿಗೆ ಅರ್ಥವಾಗಲಿಲ್ಲ. ಹಿಂದಿದ್ದವರತ್ತ ತಿರುಗಿ ನೋಡಿ, ಮತ್ತೆ ಇತ್ತ ತಿರುಗಿ, "ಹಂಗಂದ್ರೆ ಹೆಂಗಕ್ಕ? ಚೆನ್ನಾಜಿ ಮೂಳೆ ಇದಕ್ಕಿಂತ ಜೋರಾಗಿ..." ಅಂದವಳು ಅತ್ತೆಯ ಮುಖ ಕಂಡು ಅಲ್ಲಿಗೇ ನಿಲ್ಲಿಸಿದಳು.

"ಅವ್ಳೂ ಹಸ್ದಿದ್ಲು ಕಣೆ ಬೋರಿ" ಅಂದರು ಅತ್ತೆ. "ನಾನು ಇಲ್ಲೇ ನಿಂತ್ಕಂಡು, ಬನ್ನಿ ಬನ್ನಿ ಅಂತ, ನಿಮ್ಗೆಲ್ಲ ಕೇಳುಸ್ದೆ."